ಓದುಗರ ಪ್ರಶ್ನೆ: ಎಸ್ಸೌಯಿರಾದ ಗ್ನಾವಾ ಉತ್ಸವ

ಪ್ರಶ್ನೆ: ಬರುವ ಜೂನ್‌ನಲ್ಲಿ ಮೊರಾಕೊದ ಎಸ್ಸೌಯಿರಾ ಊರಿನ ಗ್ನಾವಾ ಸಂಗೀತೋತ್ಸವಕ್ಕೆ ನಾವು ನಾಲ್ವರು ಹೊರಟಿದ್ದೇವೆ. ಟಿಕೆಟ್, ಬಸ್ಸು, ಊಟದ ವ್ಯವಸ್ಥೆ ಹೇಗೆ? ಇಬ್ಬರು ಸಸ್ಯಾಹಾರಿಗಳು. (ವಾಸ್ಕೊ, ಗೋವಾ)

ಉತ್ತರ: ಗ್ನಾವಾ ಎಂದರೆ ಸಹಾರಾದ ದಕ್ಷಿಣದಿಂದ ಮೊರಾಕೊಗೆ ಗುಲಾಮರಾಗಿ ಬಂದವರ ವಂಶದ ಜನ, ಅವರ ಸಂಗೀತಕ್ಕೂ ಅದೇ ಹೆಸರು. 1998ರಲ್ಲಿ ಶುರುವಾದ ಈ ಉತ್ಸವದಲ್ಲಿ ಮೌಲೇ ಹಸನ್ ಚೌಕದಂಥ ದೊಡ್ಡ ವೇದಿಕೆಗಳ ಕಛೇರಿಗೆ ಟಿಕೆಟ್ ಬೇಡ. ಸಣ್ಣ ಜಾಗಗಳಲ್ಲಿ ನಡೆಯುವ ಕಛೇರಿಗಳಿಗೆ ಮಾತ್ರ ದುಡ್ಡು ಕೊಡಬೇಕು. ಒಂದನ್ನಾದರೂ ಕೊಂಡುಕೊಳ್ಳಿ, ಗಿಂಬ್ರಿ ಎಂಬ ತಂತಿವಾದ್ಯದ ನಿಜವಾದ ನಾದ ಅಲ್ಲೇ ಕಿವಿಗೆ ಬೀಳುವುದು.

ಊರಿಗೆ ರೈಲಿಲ್ಲ. ಮರಾಕೇಶ್ ರೈಲು ನಿಲ್ದಾಣದ ಪಕ್ಕದಿಂದ ಸುಪ್ರಾಟೂರ್ಸ್ ಬಸ್ಸು ಹೊರಡುತ್ತದೆ, ಸುಮಾರು ಮೂರು ಗಂಟೆಯ ಹಾದಿ. ಹೆಚ್ಚಿನವರು ಎಡವುವುದು ವಾಪಸಿನಲ್ಲಿ: ಉತ್ಸವ ಮುಗಿದ ಮರುದಿನ ಎಲ್ಲರೂ ಒಟ್ಟಿಗೆ ಹೊರಡುವುದರಿಂದ ಸೀಟು ಸಿಗುವುದಿಲ್ಲ. ಹೋಗಿಬರುವ ಎರಡೂ ಟಿಕೆಟ್ ಮೊದಲೇ ಮಾಡಿಸಿ. ಕೋಣೆಯನ್ನು ಅದಕ್ಕೂ ಮೊದಲು.

ಬೆಚ್ಚನೆಯ ಬಟ್ಟೆ ಮರೆಯಬೇಡಿ. ಮರಾಕೇಶ್ ಬಿಸಿಲಿನಲ್ಲಿ ಬೇಯುತ್ತಿದ್ದರೂ ಇಲ್ಲಿ ಅಟ್ಲಾಂಟಿಕ್ ಗಾಳಿ ಬಿಡದೆ ಬೀಸುತ್ತದೆ. ರಾತ್ರಿ ತೆರೆದ ಚೌಕದಲ್ಲಿ ನಿಂತವರು ತೆಳು ಅಂಗಿಯಲ್ಲಿ ನಡುಗುತ್ತಾರೆ.

ಊಟದ ವಿಚಾರದಲ್ಲಿ ಜಾಗ್ರತೆ. ಗೋಧಿ ರವೆಯ ಕುಸ್ಕುಸ್ಸನ್ನು ತರಕಾರಿಯದು ಎಂದು ಬಡಿಸಿದರೂ ತರಕಾರಿ ಬೆಂದಿರುವುದು ಎಷ್ಟೋ ಸಲ ಮಾಂಸದ ಸಾರಿನಲ್ಲಿ. ಹರೀರಾ ಸೂಪಿನ ಕತೆಯೂ ಅದೇ. ಒಣ ಬಾಕಳ (ಫಾವಾ ಬೀನ್ಸ್) ಬೇಳೆಯನ್ನು ಬೇಯಿಸಿ ಅರೆದು, ಜೀರಿಗೆ ಪುಡಿ, ಆಲಿವ್ ಎಣ್ಣೆ ಹಾಕಿ ಕೊಡುವ ಬಿಸ್ಸಾರಾ ಒಳ್ಳೆಯ ಆಯ್ಕೆ. ಜೊತೆಗೆ ಪದರ ಪದರವಾದ ಮ್ಸೆಮ್ಮೆನ್ ರೊಟ್ಟಿ. ಬಿಸ್ಸಾರಾಕ್ಕೂ ಮಾಂಸದ ಸಾರು ಬೆರೆಸಿಲ್ಲವೇ ಎಂದು ಒಮ್ಮೆ ಕೇಳಿಯೇ ಕೂರಿ.

ಪ್ರಶ್ನೆ: ಗ್ನಾವಾ ಸಂಗೀತ ಕೇಳಿದರೆ ಬರೀ ಕಬ್ಬಿಣದ ಸದ್ದು ಅನ್ನಿಸುತ್ತದೆ. ಹೇಗೆ ಕೇಳಬೇಕು? (ಮಾಟುಂಗಾ, ಮುಂಬೈ)

ಉತ್ತರ: ಆ ಸದ್ದು ಕರಕೆಬ್‌ನದು, ಎರಡೂ ಕೈಗಳಲ್ಲಿ ಒಂದೊಂದು ಜೋಡಿ ಹಿಡಿದು ಬಡಿಯುವ ಕಬ್ಬಿಣದ ಚಿಟಿಕೆ. ಅದರ ಅಡಿಯಲ್ಲಿರುವ ಗಿಂಬ್ರಿಗೆ ಕಿವಿಗೊಡಿ. ಮರದ ದಿಮ್ಮಿ ಕೊರೆದು, ಬಾಯಿಗೆ ಒಂಟೆಯ ಚರ್ಮ ಬಿಗಿದು, ಮೂರು ತಂತಿ ಕಟ್ಟಿದ ವಾದ್ಯ ಅದು. ಮಾಲೆಮ್, ಅಂದರೆ ಗುರು, ತಂತಿ ಮೀಟುತ್ತಲೇ ಬೆರಳಿನಿಂದ ಚರ್ಮವನ್ನೂ ತಟ್ಟುತ್ತಾನೆ. ಮಂದ್ರದ ಸ್ವರ, ತಾಳ ಎರಡೂ ಒಂದೇ ಕೈಯಿಂದ ಹೊರಡುತ್ತವೆ. ಮಾಲೆಮ್ ಕರೆಯುತ್ತಾನೆ, ಹಿಂದಿನವರು ಓಗೊಡುತ್ತಾರೆ, ಲಯ ಮೆಲ್ಲನೆ ಏರುತ್ತದೆ. ಧ್ವನಿವರ್ಧಕದ ಎದುರಿಗೇ ನಿಂತರೆ ಚಿಟಿಕೆಯ ಅಬ್ಬರದಲ್ಲಿ ಗಿಂಬ್ರಿ ಮುಳುಗಿಹೋಗುತ್ತದೆ, ಸ್ವಲ್ಪ ಪಕ್ಕಕ್ಕೆ ಸರಿಯಿರಿ.

ವೇದಿಕೆಯ ಮೇಲಿನದು ಸಂಗೀತ ಮಾತ್ರ. ಮನೆಗಳಲ್ಲಿ ಇಡೀ ರಾತ್ರಿ ನಡೆಯುವ ಲೀಲಾ ಬೇರೆ: ಧೂಪ, ಬಣ್ಣ ಬಣ್ಣದ ವಸ್ತ್ರ, ಮೈದುಂಬುವುದು, ರೋಗಶಮನ ಎಲ್ಲ ಸೇರಿದ ಆಚರಣೆ. ಯಾರಾದರೂ ಕರೆದರೆ ಹೋಗಿ, ಅನುಮತಿ ಇಲ್ಲದೆ ಫೋನು ಹೊರತೆಗೆಯಬೇಡಿ.

ಪ್ರಶ್ನೆ: ಗ್ನಾವಾ ಜನರೂ ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳೂ ಒಂದೇ ಮೂಲದವರೇ? (ಪುಣೆ)

ಉತ್ತರ: ಅಲ್ಲ. ಗ್ನಾವಾಗಳ ಪೂರ್ವಿಕರು ಸಹಾರಾದ ದಕ್ಷಿಣದಿಂದ, ಹೆಚ್ಚಾಗಿ ಪಶ್ಚಿಮ ಆಫ್ರಿಕಾದಿಂದ, ಗುಲಾಮರಾಗಿ ಮರುಭೂಮಿ ದಾಟಿಸಿ ತರಲ್ಪಟ್ಟವರು. ಸಿದ್ದಿಗಳ ಮೂಲ ಪೂರ್ವ ಆಫ್ರಿಕಾ. ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಅನೇಕರು. ಎರಡೂ ಕಡೆ ಗುಲಾಮಗಿರಿಯ ನೋವಿದೆ, ಆದರೆ ದಾರಿ ಬೇರೆ, ವಾದ್ಯವೂ ಬೇರೆ. ಸಿದ್ದಿಗಳು ಡೋಲು ಬಡಿದು ಕುಣಿಯುವ ಡಮಾಮಿಯನ್ನು ಗ್ನಾವಾದ ತುಣುಕು ಎಂದು ಹೇಳಿದರೆ ಇಬ್ಬರಿಗೂ ಅನ್ಯಾಯ. ಗ್ನಾವಾ ಕಲೆ 2019ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಡಮಾಮಿ ಕುಣಿತ ನೋಡಬೇಕಾದರೆ ಪುಣೆಯಿಂದ ಯಲ್ಲಾಪುರಕ್ಕೆ ಒಂದು ರಾತ್ರಿಯ ಬಸ್ಸು ಸಾಕು.