ಡಿವಿ ಲಾಟರಿಲಿ ಸೆಲೆಕ್ಟ್ ಆಗಿದೆ, ಮುಂದೆ ಏನೇನ್ ಮಾಡ್ಬೇಕು?

ನಿಮ್ಮ ಪ್ರಶ್ನೆ ಎರಡೆರಡು ಸಲ ಓದಿದೆ. ಹುಟ್ಟಿದ್ದು ದುಬೈಲಿ, ಓದಿದ್ದು ಮಂಗಳೂರಲ್ಲಿ, ಕೆಲಸ ಬೆಂಗಳೂರಲ್ಲಿ, ಪಾಸ್‌ಪೋರ್ಟ್ ಇಂಡಿಯಾದ್ದು, ಡಿವಿ-2026ಕ್ಕೆ (ಡೈವರ್ಸಿಟಿ ವೀಸಾ, ಅಂದ್ರೆ ಅಮೆರಿಕದಲ್ಲಿ ಕಾಯಂ ಇರೋಕೆ ಬಿಡೋ ಗ್ರೀನ್ ಕಾರ್ಡಿನ ಲಾಟರಿ, 2026ರ ಸಾಲಿನದ್ದು) ಸೆಲೆಕ್ಟ್ ಆಗಿದ್ದೀರಿ ಅಂತ ಏಜೆಂಟ್ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದಾನೆ, ಮೂರು ಲಕ್ಷ ಕೊಟ್ರೆ ಮಾತ್ರ ಫಲಿತಾಂಶ ನೋಡೋಕೆ ಬೇಕಾದ ಕನ್ಫರ್ಮೇಶನ್ ನಂಬರ್ ಕೊಡ್ತೀನಿ ಅಂತಿದ್ದಾನೆ, ಈ ಮಧ್ಯೆ ಫೆಬ್ರವರಿಲಿ ನಿಮ್ಮ ಮದುವೆನೂ ಆಗಿದೆ, ಹೆಂಡತಿನ ಸೇರಿಸ್ಬಹುದಾ, ಇಂಡಿಯಾದವ್ರಿಗೆ ಈ ಲಾಟರಿನೇ ಇಲ್ಲ ಅಂತಾರಲ್ಲ ಇದು ಮೋಸನಾ ಅಂತ ಕೇಳಿದ್ದೀರಿ. ನಾನು ಡಿವಿ-2019ರಲ್ಲಿ ಇದೇ ದಾರಿಲಿ ಬಂದವನು, ಹುಟ್ಟಿದ್ದು ಕುವೈತಲ್ಲಿ, ಊರು ಕುಂದಾಪುರದ ಹತ್ರ. ನನಗೆ ಗೊತ್ತಿರೋದನ್ನ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದ್ಲು ಇಂಡಿಯಾದವ್ರ ವಿಷಯ. ಹಿಂದಿನ ಐದು ವರ್ಷದಲ್ಲಿ ಯಾವ ದೇಶದಿಂದ 50,000ಕ್ಕಿಂತ ಹೆಚ್ಚು ಜನ ಫ್ಯಾಮಿಲಿ ಮತ್ತೆ ಕೆಲಸದ ಗ್ರೀನ್ ಕಾರ್ಡಲ್ಲಿ ಅಮೆರಿಕಕ್ಕೆ ಹೋಗಿರ್ತಾರೋ ಆ ದೇಶ ಈ ಲಾಟರಿಯಿಂದ ಹೊರಗೆ, ಹಾಗಾಗಿ ಇಂಡಿಯಾ ಹೊರಗೆ. ಆದ್ರೆ ಅವ್ರು ನೋಡೋದು ಪಾಸ್‌ಪೋರ್ಟ್ ಅಲ್ಲ, ಹುಟ್ಟಿದ ಜಾಗ. ದುಬೈಲಿ ಹುಟ್ಟಿದ್ರೆ ನೀವು ಲೆಕ್ಕಕ್ಕೆ ಯುಎಇ. ನಮ್ಮ ಉಡುಪಿ, ಮಂಗಳೂರು, ಭಟ್ಕಳದ ಕಡೆ ಗಲ್ಫಲ್ಲಿ ಹುಟ್ಟಿದ ಮಕ್ಕಳು ಎಷ್ಟು ಜನ ಇದ್ದಾರೆ ಮಾರಾಯ್ರೇ, ಅದ್ರಲ್ಲಿ ಮುಕ್ಕಾಲು ಜನಕ್ಕೆ ಇದು ಗೊತ್ತೇ ಇಲ್ಲ. ಗಂಡ ಹೆಂಡತಿ ಇಬ್ರಲ್ಲಿ ಒಬ್ರು ಅರ್ಹ ದೇಶದಲ್ಲಿ ಹುಟ್ಟಿದ್ರೂ ಇನ್ನೊಬ್ರು ಆ ದೇಶದ ಲೆಕ್ಕದಲ್ಲಿ ಅರ್ಜಿ ಹಾಕ್ಬಹುದು, ಆದ್ರೆ ಇಬ್ರೂ ಒಂದೇ ಕೇಸಲ್ಲಿ ಇರ್ಬೇಕು, ಒಟ್ಟಿಗೇ ಅಮೆರಿಕಕ್ಕೆ ಹೋಗ್ಬೇಕು. ಹಾಗಾಗಿ ನಿಮ್ಮ ಕೇಸ್ ಮೋಸ ಅಂತ ಇಂಡಿಯಾ ಪಾಸ್‌ಪೋರ್ಟ್ ನೋಡಿ ಹೇಳಕ್ಕಾಗಲ್ಲ.

ಮೋಸನೋ ಅಲ್ವೋ ಅಂತ ಗೊತ್ತಾಗೋದು ಒಂದೇ ಕಡೆ, ಅಮೆರಿಕದ ವಿದೇಶಾಂಗ ಇಲಾಖೆಯ ಡಿವಿ ವೆಬ್‌ಸೈಟಲ್ಲಿ ಎಂಟ್ರೆಂಟ್ ಸ್ಟೇಟಸ್ ಚೆಕ್ ಅಂತ ಇದೆಯಲ್ಲ, ಅಲ್ಲಿ. ನೀವು ಗೆದ್ದಿದ್ದೀರಿ ಅಂತ ಅವ್ರು ಯಾರಿಗೂ ಮೇಲ್ ಕಳಿಸಲ್ಲ, ಫೋನ್ ಮಾಡಲ್ಲ, ಅಡ್ವಾನ್ಸ್ ದುಡ್ಡಂತೂ ಕೇಳೋದೇ ಇಲ್ಲ. ಕನ್ಫರ್ಮೇಶನ್ ನಂಬರ್ ಇಲ್ಲದಿದ್ರೂ ಅದೇ ಪುಟದಲ್ಲಿ ನಂಬರ್ ಮರೆತವ್ರಿಗೆ ಒಂದು ದಾರಿ ಇದೆ. ಹೆಸರು, ಹುಟ್ಟಿದ ತಾರೀಕು, ಅರ್ಜಿಲಿ ಕೊಟ್ಟ ಇಮೇಲ್, ಈ ಮೂರೂ ಅರ್ಜಿಲಿ ಇದ್ದ ಹಾಗೇ ಹಾಕಿದ್ರೆ ನಂಬರ್ ಬರತ್ತೆ. ಏಜೆಂಟ್‌ಗಳ ಆಟ ಇರೋದೇ ಇಲ್ಲಿ, ಅರ್ಜಿ ತುಂಬುವಾಗ ಅವ್ರದ್ದೇ ಇಮೇಲ್ ಹಾಕಿರ್ತಾರೆ. ನಿಮ್ಮದು ಹಾಕಿದ್ದಾನಾ ಅಂತ ಮೊದ್ಲು ನಿಮ್ಮ ಇಮೇಲ್ ಹಾಕಿ ನೋಡಿ, ಆಗ್ಲಿಲ್ಲ ಅಂದ್ರೆ ಅವನ ವಿಸಿಟಿಂಗ್ ಕಾರ್ಡು, ವಾಟ್ಸಾಪ್ ಮೆಸೇಜು, ರಸೀದಿ, ಎಲ್ಲೆಲ್ಲಿ ಅವನ ಇಮೇಲ್ ಕಾಣ್ಸತ್ತೋ ಅದೆಲ್ಲ ಹಾಕಿ ನೋಡಿ. ಹೆಸರಿನ ಸ್ಪೆಲ್ಲಿಂಗು, ಸರ್‌ನೇಮ್ ಯಾವ ಕಡೆ ಹಾಕಿದ್ದಾನೆ ಅನ್ನೋದೂ ಬದಲಾಯಿಸಿ ನೋಡ್ಬೇಕು, ನಮ್ಮವ್ರಲ್ಲಿ ಅಪ್ಪನ ಹೆಸರು ಇನಿಷಿಯಲ್ ಆಗಿರೋದ್ರಿಂದ ಅಲ್ಲೇ ಎಡವಟ್ಟು ಜಾಸ್ತಿ. ಮೂರು ಲಕ್ಷ ಮಾತ್ರ ಕೊಡ್ಬೇಡಿ. ಅದಕ್ಕಿಂತ ಮುಖ್ಯ, ನಂಬರ್ ಸಿಕ್ಕ ದಿನ ಅವನು ಅರ್ಜಿಲಿ ನಿಮ್ಮ ಬಗ್ಗೆ ಏನೇನು ಬರೆದಿದ್ದಾನೆ ಅಂತ ತಿಳ್ಕೊಳ್ಳಿ, ಯಾಕಂದ್ರೆ ಮುಂದೆ ಆಫೀಸರ್ ಮುಂದೆ ನಿಂತು ಉತ್ತರ ಕೊಡೋರು ನೀವು.

ಹೆಂಡತಿ ವಿಷಯ ಸಮಾಧಾನದ್ದು. ಅರ್ಜಿ ಹಾಕೋ ದಿನಕ್ಕೆ ಮದುವೆ ಆಗಿದ್ದೂ ಹೆಂಡತಿ ಹೆಸರು ಬಿಟ್ಟಿದ್ರೆ ಇಡೀ ಕೇಸ್ ಅಲ್ಲಿಗೇ ಮುಗೀತು, ಮಕ್ಕಳ ಹೆಸರು ಬಿಟ್ರೂ ಹಾಗೇನೇ. ಅರ್ಜಿ ಹಾಕಿದ್ಮೇಲೆ ಮದುವೆ ಆದ್ರೆ ಸೇರಿಸ್ಬಹುದು, ಕಾನೂನಿನ ಪ್ರಕಾರ ಏನೂ ತೊಂದ್ರೆ ಇಲ್ಲ. ನಿಮ್ಮ ವರ್ಷದ ಅರ್ಜಿ 2024ರ ಅಕ್ಟೋಬರ್ 2ರಿಂದ ನವೆಂಬರ್ 7ರ ತನಕ ಇತ್ತು, ಮದುವೆ ಫೆಬ್ರವರಿಲಿ, ಸರಿ ಇದೆ. ಆದ್ರೆ ಈ ತರ ನಡುವೆ ಬಂದ ಮದುವೆನ ಅವ್ರು ಜಾಸ್ತಿ ಕೆದಕ್ತಾರೆ, ವೀಸಾಕ್ಕೋಸ್ಕರ ದುಡ್ಡು ತಗೊಂಡು ಮದುವೆ ಮಾಡ್ಸೋ ಏಜೆಂಟ್‌ಗಳಿಂದ ನಿಜವಾದ ಗಂಡ ಹೆಂಡತಿಗೂ ಕಷ್ಟ ಬಂದಿದೆ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಮದುವೆ ರಿಜಿಸ್ಟರ್ ಆಗಿಲ್ಲ ಅಂದ್ರೆ ಈ ವಾರನೇ ಮಾಡ್ಸಿ. ಲಗ್ನಪತ್ರಿಕೆ, ನಿಶ್ಚಿತಾರ್ಥದ ಫೋಟೋ, ಛತ್ರದ ಬಿಲ್ಲು, ಇಬ್ರೂ ಒಟ್ಟಿಗೆ ಇರೋ ಮನೆ ಬಾಡಿಗೆ ಕರಾರು, ಎಲ್ಲ ಒಂದು ಫೈಲಲ್ಲಿ ಇಡಿ. ಕನ್ನಡದಲ್ಲಿರೋ ಕಾಗದಕ್ಕೆಲ್ಲ ಇಂಗ್ಲಿಷ್ ಅನುವಾದ ಮಾಡ್ಸಿ, ಅನುವಾದ ಮಾಡಿದವ್ರ ಸಹಿ ಸಮೇತ.

ಈಗ ಜನ ತಪ್ಪು ತಿಳ್ಕೊಳ್ಳೋ ಜಾಗಕ್ಕೆ ಬರ್ತೀನಿ. ಸೆಲೆಕ್ಟ್ ಆಗಿದೆ ಅಂದ್ರೆ ವೀಸಾ ಸಿಕ್ತು ಅಂತ ಅಲ್ಲ. ಕಾನೂನಲ್ಲಿ ವರ್ಷಕ್ಕೆ 55,000 ವೀಸಾ, ಅದ್ರಲ್ಲೂ ಸ್ವಲ್ಪ ಬೇರೆ ಕಾರ್ಯಕ್ರಮಕ್ಕೆ ಕಡಿತ ಆಗತ್ತೆ, ಆದ್ರೆ ಡಿವಿ-2026ಕ್ಕೆ ಅವ್ರು ಸೆಲೆಕ್ಟ್ ಮಾಡಿರೋದು ಮನೆಯವ್ರೆಲ್ಲ ಸೇರಿ ಸುಮಾರು 1,30,000 ಜನನ. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸಿಗಲ್ಲ ಅಂತ ಗೊತ್ತಿದ್ದೇ ಮಾಡೋದು, ಯಾಕಂದ್ರೆ ತುಂಬ ಜನ ಫಾರ್ಮೇ ತುಂಬಲ್ಲ, ತುಂಬ ಜನಕ್ಕೆ ಅರ್ಹತೆ ಇರಲ್ಲ. ನಿಮ್ಮ ವರ್ಷ 2025ರ ಅಕ್ಟೋಬರ್ 1ಕ್ಕೆ ಶುರು, 2026ರ ಸೆಪ್ಟೆಂಬರ್ 30ಕ್ಕೆ ಕೊನೆ, ಆ ರಾತ್ರಿ ದಾಟಿದ್ರೆ ಯಾರ ತಪ್ಪಿದ್ರೂ ಇಲ್ಲದಿದ್ರೂ ವೀಸಾ ಇಲ್ಲ, ಮುಂದಿನ ವರ್ಷಕ್ಕೆ ಹೋಗೋದೂ ಇಲ್ಲ. 2020ರಲ್ಲಿ ಮಾರ್ಚ್‌ನಿಂದ ಕೋವಿಡ್‌ಗೆ ಕಾನ್ಸುಲೇಟ್‌ಗಳು ಬಾಗಿಲು ಹಾಕಿದ್ವು, ಏಪ್ರಿಲಲ್ಲಿ ಅಧ್ಯಕ್ಷರ ಆದೇಶ ಬಂದು ಡಿವಿನೂ ನಿಂತ್ಹೋಯ್ತು, ಕೊನೆಗೆ ಜನ ಕೋರ್ಟಿಗೆ ಹೋಗಿ ಜಡ್ಜ್ ಅಮಿತ್ ಮೆಹ್ತಾ ಆ ಸೆಪ್ಟೆಂಬರಲ್ಲಿ ಪ್ರೊಸೆಸ್ ಮಾಡಿ ಅಂತ ಆದೇಶ ಕೊಟ್ರು, ಆದ್ರೂ ಸಾವಿರಾರು ಜನ ಕೈಲಿ ಎಲ್ಲ ಕಾಗದ ಹಿಡ್ಕೊಂಡೇ ಹೊರಗೆ ಉಳಿದ್ರು. ಅದಕ್ಕೇ ನಿಮ್ಮ ಕೈಯಲ್ಲಿರೋ ಕೆಲಸ ಒಂದು ದಿನನೂ ಮುಂದೆ ಹಾಕ್ಬೇಡಿ.

ಸೆಲೆಕ್ಟ್ ಆದವ್ರು ತುಂಬೋ ವೀಸಾ ಫಾರ್ಮ್ ಹೆಸರು ಡಿಎಸ್-260, ಆನ್‌ಲೈನಲ್ಲಿ ತುಂಬೋದು, ನಿಮಗೊಂದು ಹೆಂಡತಿಗೊಂದು. ಹದಿನಾರು ವರ್ಷ ಆದಾಗಿಂದ ಎಲ್ಲೆಲ್ಲಿ ಇದ್ರಿ ಅಂತ ಎಲ್ಲ ವಿಳಾಸ ಕೇಳ್ತಾರೆ, ಹಾಸ್ಟೆಲ್ಲು ಪಿಜಿ ಎಲ್ಲ ಸೇರಿಸಿ, ಕೆಲಸದ ವಿವರ, ಐದು ವರ್ಷದ ಸೋಶಿಯಲ್ ಮೀಡಿಯಾ ಅಕೌಂಟ್ ಹೆಸರುಗಳು. ನಾನು ಒಂದು ನೋಟ್‌ಬುಕ್ಕಲ್ಲಿ ತಾರೀಕು ಸಮೇತ ಬರ್ಕೊಂಡು ಆಮೇಲೆ ತುಂಬಿದ್ದು. ಸಬ್ಮಿಟ್ ಆದ್ಮೇಲೆ ಲಾಕ್ ಆಗತ್ತೆ, ತಪ್ಪಿದ್ರೆ ಕೆಂಟಕಿ ಕಾನ್ಸುಲರ್ ಸೆಂಟರ್‌ಗೆ ಮೇಲ್ ಹಾಕಿ ಅನ್‌ಲಾಕ್ ಮಾಡ್ಸಿಕೊಳ್ಬೇಕು, ಇಂಟರ್‌ವ್ಯೂ ಲೆಟರ್ ತನಕ ಕೇಸ್ ನೋಡ್ಕೊಳ್ಳೋದು ಅವ್ರೇ. ಅವ್ರ ಮೇಲ್ ವಿಳಾಸ ಕೊನೇಲಿ ಡಾಟ್ ಗವ್ ಅಂತ ಇರ್ಬೇಕು, ಬೇರೆ ಏನಿದ್ರೂ ತೆರೀಬೇಡಿ.

ಕೇಸ್ ನಂಬರಲ್ಲಿ ವರ್ಷ, ಆಮೇಲೆ ಎಎಸ್ ಅಂತ ಏಷ್ಯಾದ ಗುರುತು, ಆಮೇಲೆ ನಿಮ್ಮ ಸಂಖ್ಯೆ. ಯಾವ ಸಂಖ್ಯೆ ತನಕ ಸರದಿ ಬಂದಿದೆ ಅಂತ ಹೇಳೋ ವೀಸಾ ಬುಲೆಟಿನ್ ಪ್ರತಿ ತಿಂಗಳು ಬರತ್ತೆ, ಅದ್ರಲ್ಲಿ ಏಷ್ಯಾದ ಎದುರಿಗಿರೋ ಸಂಖ್ಯೆಗಿಂತ ನಿಮ್ಮದು ಕಮ್ಮಿ ಇದ್ರೆ ನಿಮ್ಮ ಸರದಿ. ನೇಪಾಳ, ಇರಾನ್ ಅಂತ ಬೇರೆ ಸಾಲಿದ್ರೆ ಅದು ಅವ್ರಿಗೆ ಮಾತ್ರ. ನನ್ನದು ಬಂದಿದ್ದು 2019ರ ಜೂನ್ ಹೊತ್ತಿಗೆ, ಅಲ್ಲಿ ತನಕ ಪ್ರತಿ ತಿಂಗಳು ಆ ಪುಟ ತೆಗೆಯುವಾಗ ಎದೆ ಡವಡವ. ಓದಿನ ಅರ್ಹತೆ ಪಿಯುಸಿ ಪಾಸಾಗಿದ್ರೆ ಸಾಕು, ಹನ್ನೆರಡು ವರ್ಷದ ಓದು ಅಂತ ಲೆಕ್ಕ, ಬರೀ ಎಸ್ಎಸ್ಎಲ್‌ಸಿ ಸಾಕಾಗಲ್ಲ. ಡಿಗ್ರಿ ಇದೆ ಅಂತ ಪಿಯುಸಿ ಮಾರ್ಕ್ಸ್ ಕಾರ್ಡ್ ಊರಲ್ಲಿ ಬಿಟ್ಟು ಹೋಗ್ಬೇಡಿ.

ಈಗ ಬರ್ತ್ ಸರ್ಟಿಫಿಕೇಟ್. ಇದಕ್ಕೋಸ್ಕರನೇ ನಾನು ಇಷ್ಟು ಬರೀತಿರೋದು.

1990ರ ಆಗಸ್ಟ್ 2ಕ್ಕೆ ಇರಾಕ್ ಸೈನ್ಯ ಕುವೈತ್‌ಗೆ ನುಗ್ಗಿದಾಗ ನನಗೆ ಎರಡು ವರ್ಷ. ಅಪ್ಪ ಅಮ್ಮ ನನ್ನನ್ನ ಎತ್ಕೊಂಡು ಬಸ್ಸಲ್ಲಿ ಇರಾಕ್ ದಾಟಿ ಜೋರ್ಡಾನ್ ಗಡಿಯ ಟೆಂಟಲ್ಲಿ ದಿನಗಟ್ಟಲೆ ಕೂತು, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನದಲ್ಲಿ ಬಾಂಬೆಗೆ ಬಂದವ್ರು, ಆ ಸಲ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹಾಗೆ ಬಂದಿದ್ದು. ಪಾಸ್‌ಪೋರ್ಟ್ ತಂದ್ರು, ಅಮ್ಮನ ಕರಿಮಣಿ ತಂದ್ರು, ನನ್ನ ಬರ್ತ್ ಸರ್ಟಿಫಿಕೇಟ್ ಅಲ್ಲಿಯ ಮನೆ ಕಪಾಟಲ್ಲೇ ಉಳೀತು. ಪಾಸ್‌ಪೋರ್ಟಲ್ಲಿ ಹುಟ್ಟಿದ ಜಾಗ ಕುವೈತ್ ಅಂತ ಇದ್ದಿದ್ರಿಂದ ಇಪ್ಪತ್ತೆಂಟು ವರ್ಷ ಅದ್ರ ನೆನಪೇ ಬಂದಿರ್ಲಿಲ್ಲ. ಸೆಲೆಕ್ಟ್ ಆದ ಮೇಲೆ ಅಪ್ಪನ ಹಳೇ ರೂಮ್‌ಮೇಟ್ ಒಬ್ರು ಇನ್ನೂ ಕುವೈತಲ್ಲಿದ್ರು, ಅವ್ರಿಗೆ ಪವರ್ ಆಫ್ ಅಟಾರ್ನಿ ಮಾಡಿಕೊಟ್ಟು, ಅಪ್ಪನ ಹಳೇ ಪಾಸ್‌ಪೋರ್ಟಿನ ವೀಸಾ ಪುಟ, ಅಮ್ಮನ ಪಾಸ್‌ಪೋರ್ಟ್ ಕಾಪಿ ಎಲ್ಲ ಕಳಿಸಿ ಡೂಪ್ಲಿಕೇಟ್ ಕೈಗೆ ಬರೋವಾಗ ನಾಲ್ಕು ತಿಂಗಳು. 2018ರ ಮೇ ತಿಂಗಳಲ್ಲೇ ಶುರು ಮಾಡಿದ್ದಕ್ಕೆ ಸಮಯ ಇತ್ತು. ನಿಮ್ಮದು ದುಬೈ, ಯುದ್ಧ ಗಿದ್ಧ ಇಲ್ಲ, ಒರಿಜಿನಲ್ ಮನೇಲೇ ಇರ್ಬಹುದು, ಆದ್ರೆ ಅದ್ರಲ್ಲಿ ಅಪ್ಪನ ಹೆಸರು ಅರೇಬಿಕ್‌ನಿಂದ ಇಂಗ್ಲಿಷಿಗೆ ಬರುವಾಗ ಹೇಗೆ ಬಂದಿದೆ, ಪಾಸ್‌ಪೋರ್ಟಿಗೆ ಹೊಂದತ್ತಾ ಅಂತ ಅಕ್ಷರ ಅಕ್ಷರ ನೋಡಿ.

ಇಷ್ಟೆಲ್ಲ ಜಾಗ್ರತೆ ಮಾಡಿದ ನಾವು ಸಿಕ್ಕಿಬಿದ್ದಿದ್ದು ಹೆಂಡತಿ ಸರ್ಟಿಫಿಕೇಟಲ್ಲಿ. ನಾನಾಗ ಶಾರ್ಜಾದಲ್ಲಿದ್ದೆ, ಇಂಟರ್‌ವ್ಯೂ ಅಬುಧಾಬಿ ಎಂಬಸಿಲಿ, 2019ರ ಜುಲೈ ಮೊದಲ ವಾರ. ಅವಳು ಹುಟ್ಟಿದ್ದು ಊರ ಆಸ್ಪತ್ರೇಲಿ, ಆಗ ನಾಮಕರಣಕ್ಕಿಂತ ಮೊದ್ಲೇ ನೋಂದಣಿ ಆಗ್ತಿತ್ತಲ್ಲ, ಸರ್ಟಿಫಿಕೇಟಲ್ಲಿ ಅಪ್ಪ ಅಮ್ಮನ ಹೆಸರು, ತಾರೀಕು, ಹೆಣ್ಣು ಅಂತ ಇತ್ತು, ಮಗುವಿನ ಹೆಸರಿನ ಜಾಗ ಖಾಲಿ. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್ ಮತ್ತೆ ಒಂದು ಅಫಿಡವಿಟ್ ಇಟ್ರೆ ನಡೆಯತ್ತೆ ಅಂತ ನಾನೇ ತೀರ್ಮಾನ ಮಾಡ್ಬಿಟ್ಟಿದ್ದೆ. ಆಫೀಸರ್ ಒಳ್ಳೇ ರೀತಿಲೇ ಮಾತಾಡಿದ್ರು, ಕುವೈತ್ ಯಾವಾಗ ಬಿಟ್ರಿ, ಅಮೆರಿಕಲ್ಲಿ ಯಾರಿದ್ದಾರೆ, ಏನು ಕೆಲಸ ಮಾಡ್ತೀರಿ ಅಂತ ಐದು ನಿಮಿಷ ಕೇಳಿ, ಕೊನೆಗೆ 221(ಜಿ) ಅನ್ನೋ ಚೀಟಿ ಕೊಟ್ರು, ಅಂದ್ರೆ ಕಾಗದ ಕೊಡೋ ತನಕ ವೀಸಾ ತಡೆ, ಹೆಸರು ಇರೋ ಸರ್ಟಿಫಿಕೇಟ್ ತಂದು ಕೊಡಿ ಅಂತ. ಅತ್ತೆಗೆ ಮಂಡಿ ನೋವು, ಆದ್ರೂ ಆ ಮಳೆಗಾಲದಲ್ಲಿ ಮಗಳ ಹೆಸರು ಸೇರಿಸೋಕೆ ಶಾಲೆ, ನೋಟರಿ, ನೋಂದಣಿ ಕಚೇರಿ ಅಂತ ಬಸ್ಸಲ್ಲಿ ಓಡಾಡಿದ್ರು. ಐದು ವಾರ ಆಯ್ತು. ವೀಸಾ ಕೈಗೆ ಬಂದಿದ್ದು ಆಗಸ್ಟ್ ಕೊನೇಲಿ. ಆ ಐದು ವಾರ ನನಗೆ ನಿದ್ದೆ ಇಲ್ಲ, ಒಂದೇ ಒಂದು ಹೆಸರಿಗೋಸ್ಕರ ಇಬ್ರದ್ದೂ ಹೋಗತ್ತೆ ಅಂತ. ನನ್ನ ನಂಬರ್ ಸೆಪ್ಟೆಂಬರಿನದ್ದಾಗಿದ್ರೆ ಹೋಗೇ ಹೋಗ್ತಿತ್ತು.

ಉಳಿದದ್ದು ಕಷ್ಟ ಏನಿಲ್ಲ. ಹದಿನಾರರ ನಂತರ ಒಂದು ವರ್ಷಕ್ಕಿಂತ ಹೆಚ್ಚು ಇದ್ದ ಪ್ರತಿ ದೇಶದ ಪೊಲೀಸ್ ಕ್ಲಿಯರೆನ್ಸ್ ಬೇಕು, ಇಂಡಿಯಾದ್ದು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಆಗತ್ತೆ, ಫೀಸು 500 ರೂಪಾಯಿ. ಅದಕ್ಕೋಸ್ಕರ ವಿಳಾಸ ನೋಡೋಕೆ ಪೊಲೀಸ್ನೋರು ಬಂದಾಗ ಮನೇಲಿ ಇರಿ. ನೀವು ಚಿಕ್ಕವರಿದ್ದಾಗ್ಲೇ ದುಬೈ ಬಿಟ್ಟಿದ್ರೆ ಅಲ್ಲಿಯದ್ದು ಬೇಡ. ಮೆಡಿಕಲ್ ಪರೀಕ್ಷೆ ಎಂಬಸಿಯವ್ರು ಹೇಳಿದ ಡಾಕ್ಟರ್ ಹತ್ರ ಮಾತ್ರ, ಇಂಟರ್‌ವ್ಯೂ ಲೆಟರ್ ಬಂದ್ಮೇಲೆ, ಎದೆ ಎಕ್ಸ್‌ರೇ, ರಕ್ತ ಪರೀಕ್ಷೆ, ಲಸಿಕೆ. ಹಳೇ ಲಸಿಕೆ ಕಾರ್ಡ್ ಸಿಕ್ಕಿದ್ರೆ ಚುಚ್ಚೋದು ಕಮ್ಮಿ ಆಗತ್ತೆ. ವೀಸಾ ಫೀಸು ತಲೆಗೆ 330 ಡಾಲರ್, ಅದು ಇಂಟರ್‌ವ್ಯೂ ದಿನ ಎಂಬಸಿ ಅಥವಾ ಕಾನ್ಸುಲೇಟಲ್ಲೇ ಕಟ್ಟೋದು, ವೀಸಾ ಸಿಗ್ಲಿಲ್ಲ ಅಂದ್ರೂ ವಾಪಸ್ ಇಲ್ಲ. ಸಿಕ್ಕಿದ್ಮೇಲೆ ಗ್ರೀನ್ ಕಾರ್ಡಿಗೆ ತಲೆಗೆ 235 ಡಾಲರ್ ಆನ್‌ಲೈನಲ್ಲಿ. ಅಲ್ಲಿ ಹೋಗಿ ಹೇಗೆ ಬದುಕ್ತೀರಿ ಅಂತ ಕೇಳಿದ್ರೆ ತೋರ್ಸೋಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ, ಅಲ್ಲಿ ಯಾರಾದ್ರೂ ನೆಂಟರು ಇವ್ರ ಖರ್ಚು ನಾವು ನೋಡ್ಕೊಳ್ತೀವಿ ಅನ್ನೋ ಐ-134 ಫಾರ್ಮ್ ತುಂಬಿಕೊಟ್ರೆ ಅದೂ ಇರ್ಲಿ. ವೀಸಾ ಬರೋ ತನಕ ಕೆಲಸಕ್ಕೆ ರಾಜೀನಾಮೆ ಕೊಡೋದು, ಸೈಟ್ ಮಾರೋದು, ಟಿಕೆಟ್ ಮಾಡ್ಸೋದು, ಯಾವ್ದೂ ಬೇಡ.

ಇವತ್ತು ರಾತ್ರಿ ಮನೆಗೆ ಹೋದ ಕೂಡ್ಲೇ ನಿಮ್ಮಿಬ್ರದ್ದೂ ಬರ್ತ್ ಸರ್ಟಿಫಿಕೇಟ್ ಹೊರಗೆ ತೆಗೀರಿ. ಹೆಸರಿನ ಸಾಲು ಖಾಲಿ ಇದ್ರೆ, ಅಪ್ಪ ಅಮ್ಮನ ಹೆಸರಲ್ಲಿ ವ್ಯತ್ಯಾಸ ಇದ್ರೆ, ಏನಿದೆ ಅಂತ ಇಲ್ಲೇ ಕೆಳಗೆ ಬರೀರಿ, ಸರ್ಟಿಫಿಕೇಟ್ ಫೋಟೋ ಮಾತ್ರ ಹಾಕ್ಬೇಡಿ. ನಾವು ಹೆಸರು ಸೇರಿಸುವಾಗ ಕೊಟ್ಟ ಅಫಿಡವಿಟ್ ಒಕ್ಕಣೆ ನನ್ನ ಹತ್ರ ಇನ್ನೂ ಇದೆ, ಕನ್ನಡದ್ದೇ, ಹುಡುಕಿ ಟೈಪ್ ಮಾಡಿ ಕೊಡ್ತೀನಿ.