ಅಮ್ಮನ ಕಾಯಿಲೆ ವಿಷಯ ಚರ್ಚ್‌ನಲ್ಲಿ ಹೇಳಿ ಪ್ರಾರ್ಥನೆ ಕೇಳಲಾ, ಬೇಡವಾ?

ಮಂಗಳೂರಿನಿಂದ ಮೈಸೂರಿಗೆ ಬಂದು ಆರು ತಿಂಗಳಾಯಿತು, ಅಮ್ಮನಿಗೆ ಕ್ಯಾನ್ಸರ್ ಅಂತ ಈಗ ಗೊತ್ತಾಗಿದೆ, ನೀವು ಒಬ್ಬಳೇ ಮಗಳು ಅಂತ ಬರೆದಿದ್ದೀರಿ. ಧರ್ಮಕೇಂದ್ರದವರ, ಅಂದರೆ ನಿಮ್ಮ ಚರ್ಚಿಗೆ ಸೇರಿದವರ, ಪ್ರಾರ್ಥನೆ ಬೇಕು, ಆದರೆ ವಿಷಯ ಎಲ್ಲರ ಬಾಯಿಗೆ ಬಿದ್ದರೆ ಅಮ್ಮ ನೊಂದುಕೊಳ್ಳುತ್ತಾರೆ ಅನ್ನೋ ಭಯ ನಿಮಗೆ. ನಿಮ್ಮ ಪ್ರಶ್ನೆ ಓದಿ ಎರಡು ದಿನವಾಯಿತು. ಮನಸ್ಸಿನಿಂದ ಹೋಗಲೇ ಇಲ್ಲ.

ಮೊದಲು ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ.

ನನ್ನ ನಾದಿನಿಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಅದನ್ನು ಅವಳು ನನ್ನ ಹತ್ತಿರ ಮಾತ್ರ ಹೇಳಿಕೊಂಡಿದ್ದಳು. ಆ ವಾರ ನಮ್ಮ ಬೀದಿಯ ಕಿರು ಸಮುದಾಯದ, ಅಂದರೆ ಅಕ್ಕಪಕ್ಕದ ಕ್ರೈಸ್ತ ಮನೆಗಳ ಗುಂಪಿನ, ಪ್ರಾರ್ಥನೆ ಇತ್ತು. ಜಪಸರ (ಮಣಿ ಎಣಿಸುತ್ತಾ ಹೇಳುವ ರೋಸರಿ ಪ್ರಾರ್ಥನೆ) ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಕೋರಿಕೆ ಹೇಳುತ್ತಾರಲ್ಲ, ಆಗ ನಾನು ಅವಳ ಹೆಸರು ಹೇಳಿ, ವಿಷಯವನ್ನೂ ಹೇಳಿಬಿಟ್ಟೆ. ಪ್ರೀತಿಯಿಂದಲೇ ಹೇಳಿದ್ದು. ಅಲ್ಲಿದ್ದವರು ಯಾರೂ ಕೆಟ್ಟವರಲ್ಲ. ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದರೆ ಮೂರು ಜನ ಹೆಂಗಸರು ಅವಳ ಕೈ ಹಿಡಿದು ಸಮಾಧಾನ ಹೇಳಿದರು. ಒಬ್ಬರು ಯಾವುದೋ ನಾಟಿ ಔಷಧಿಯ ವಿಳಾಸವನ್ನೂ ಕೊಟ್ಟರು. ಅವಳು ಸುಮ್ನೆ ನಕ್ಕು ಮನೆಗೆ ಹೋದಳು. ನಾಲ್ಕು ತಿಂಗಳು ಬೇರೆ ಚರ್ಚ್‌ಗೆ ಪೂಜೆಗೆ ಹೋದಳು. ನನಗೆ ಅಂದದ್ದು ಒಂದೇ ಮಾತು: "ಅತ್ತಿಗೆ, ನೀವು ಹೆಸರು ಹೇಳದಿದ್ದರೆ ದೇವರಿಗೆ ನಾನು ಯಾರು ಅಂತ ಗೊತ್ತಾಗ್ತಿರಲಿಲ್ವಾ?"

ಅಂದಿನಿಂದ ನಾನು ಪ್ರಾರ್ಥನೆ ಬೇರೆ, ಸುದ್ದಿ ಬೇರೆ ಅಂತ ಇಟ್ಟುಕೊಂಡಿದ್ದೇನೆ. ಕೆಲವು ಸುದ್ದಿ ಎಲ್ಲರಿಗೂ ಸೇರಿದ್ದು. ಮದುವೆ ಪ್ರಕಟಣೆಯನ್ನು ಮೂರು ಭಾನುವಾರ ಓದುವುದೇ, ಏನಾದರೂ ಅಡ್ಡಿ ಇದ್ದರೆ ಗೊತ್ತಿರುವವರು ಬಂದು ಹೇಳಲಿ ಅಂತ. ಕಾಯಿಲೆ ಹಾಗಲ್ಲ. ಅದು ಅಮ್ಮನದು. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಅಂತ ಮೊದಲು ಅವರನ್ನೇ ಕೇಳಿ.

ಅಮ್ಮ ಬೇಡ ಅಂದರೂ ಪೂಜೆ ಕೊಡಿಸಬಹುದು. ಧರ್ಮಕೇಂದ್ರದ ಆಫೀಸಿನಲ್ಲಿ "ಒಬ್ಬ ತಾಯಿಯ ಆರೋಗ್ಯಕ್ಕಾಗಿ" ಅಂತ ಬರೆಸಿದರೆ ಸಾಕು. ಕಾಣಿಕೆಗೆ ಕಷ್ಟವಿದ್ದರೆ ಸಂಕೋಚ ಬೇಡ. ಬಡವರ ಕೋರಿಕೆಗೆ ಕಾಣಿಕೆ ಇಲ್ಲದೆಯೂ ಪೂಜೆ ಮಾಡಿ ಅಂತ ಕಥೋಲಿಕ ಧರ್ಮಸಭೆಯ ಕಾನೂನೇ ಗುರುಗಳಿಗೆ ಹೇಳುತ್ತದೆ. ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಧರ್ಮಸಭೆ ರೋಗಿಗಳ ದಿನ ಆಚರಿಸುತ್ತದೆ. ಅವತ್ತಿನ ಪೂಜೆಗೆ ಅಮ್ಮನನ್ನು ಕರೆದುಕೊಂಡು ಹೋಗಬಹುದು. ಇನ್ನು ಒಬ್ಬರೇ ಕೂತು ಅಳಬೇಕು ಅನಿಸಿದರೆ ಒಂದು ಮಂಗಳವಾರ ಕೆ.ಆರ್. ನಗರದ ಕಡೆ ಇರುವ ದೋರನಹಳ್ಳಿಗೆ ಹೋಗಿ ಬನ್ನಿ. ಅಲ್ಲಿನ ಸಂತ ಅಂತೋಣಿಯವರ ಚರ್ಚ್‌ಗೆ ಎಲ್ಲಾ ಜಾತಿ ಮತದವರೂ ಬರುತ್ತಾರೆ. ಯಾರ ಕಣ್ಣೀರು ಯಾತಕ್ಕೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಆದರೆ ಪೂರ್ತಿ ಮುಚ್ಚಿಡಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ.

ನನ್ನ ತವರು ಶ್ರೀರಂಗಪಟ್ಟಣದ ಹತ್ತಿರ. ನಮ್ಮಪ್ಪನಿಗೆ ಕಿಡ್ನಿ ತೊಂದರೆ ಇತ್ತು. ಎರಡು ವರ್ಷ ಯಾರಿಗೂ ಹೇಳಬಾರದು ಅಂತ ಹಟ ಹಿಡಿದರು. ಅಮ್ಮ ಒಬ್ಬರೇ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗೋರು, ಒಬ್ಬರೇ ಕರೆತರೋರು. ಯಾರಾದರೂ ಕೇಳಿದರೆ ಸಂತೆಗೆ ಹೋಗಿದ್ವಿ ಅನ್ನೋರು. ಕೊನೆಯ ವಾರದಲ್ಲಿ ಹೇಗೋ ವಿಷಯ ತಿಳಿಯಿತು. ಅವತ್ತು ರಾತ್ರಿಯಿಂದಲೇ ಮನೆಗೆ ಮುದ್ದೆ, ಸಾರು ಬರತೊಡಗಿತು. ಹುಡುಗರು ಸರದಿ ಮೇಲೆ ಆಸ್ಪತ್ರೆಯಲ್ಲಿ ಮಲಗಿದರು. ಅಪ್ಪನ ಜೊತೆ ಗದ್ದೆ ಮಾಡಿದ್ದ ಒಬ್ಬರು ಮಂಚದ ಪಕ್ಕ ಕೂತು, "ಮೊದಲೇ ಹೇಳಿದ್ರೆ ದಿನಾ ಬಂದು ಕೂತ್ಕೋತಿದ್ನಲ್ಲ ಕಣಯ್ಯಾ" ಅಂದರು. ಅಪ್ಪ ಅವರ ಕೈ ಬಿಡಲಿಲ್ಲ. ಆ ಎರಡು ವರ್ಷ ನಮ್ಮಮ್ಮ ಒಬ್ಬರೇ ಹೊತ್ತರಲ್ಲ ಅನ್ನೋ ಸಂಕಟ ನನಗೆ ಇವತ್ತಿಗೂ ಇದೆ.

ನಮ್ಮೂರ ಕಡೆ ಗಂಜಾಮಿನಲ್ಲಿ ಅಬ್ಬೆ ದುಬಾಯ್ ಅವರ ಚರ್ಚ್ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿನ ಕ್ರೈಸ್ತರನ್ನು ಮತ್ತೆ ಒಟ್ಟು ಸೇರಿಸಲು ಬಂದ ಫ್ರೆಂಚ್ ಗುರುಗಳು ಅವರು. ಜನರಿಗೆ ಸಿಡುಬಿನ ಲಸಿಕೆ ಹಾಕಿಸಲೂ ದುಡಿದರು. ಈ ಸೀಮೆಯಲ್ಲಿ ಪ್ರಾರ್ಥನೆ ಮತ್ತು ರೋಗಿಯ ಆರೈಕೆ ಅಂದಿನಿಂದಲೂ ಜೊತೆಗೇ ಬಂದಿವೆ.

ಮಾರ್ಕನ ಶುಭಸಂದೇಶದ ಎರಡನೇ ಅಧ್ಯಾಯ ಓದಿ. ಪಾರ್ಶ್ವವಾಯು ಆದವನನ್ನು ಹೊತ್ತು ತಂದವರು ನಾಲ್ಕೇ ಜನ. ಬಾಗಿಲಲ್ಲಿ ದೊಡ್ಡ ಗುಂಪು ಇತ್ತು, ಆ ಗುಂಪಿನಿಂದ ಅವನಿಗೆ ಏನೂ ಆಗಲಿಲ್ಲ. ಛಾವಣಿ ಬಿಚ್ಚಿ ಇಳಿಸಿದ್ದು ಆ ನಾಲ್ವರು. ಯೇಸು ನೋಡಿದ್ದು ಅವರ ನಂಬಿಕೆಯನ್ನು. ನಿಮಗೂ ಅಂಥ ಕೆಲವರು ಬೇಕು. ಒಬ್ಬರಿಂದಲೇ ಶುರು ಮಾಡಿ. ಫಾದರ್ ಆಗಬಹುದು, ಕಾನ್ವೆಂಟಿನ ಒಬ್ಬ ಸಿಸ್ಟರ್ ಆಗಬಹುದು. ಅವರಿಗೆ ಪೂರ್ತಿ ಹೇಳಿ, "ಇದು ನಿಮ್ಮಲ್ಲೇ ಇರಲಿ" ಅಂತ ಬಾಯಿಬಿಟ್ಟು ಕೇಳಿ. ನನ್ನ ನಾದಿನಿ ಹಾಗೆ ಕೇಳಿರಲಿಲ್ಲ, ನನಗೆ ತಾನಾಗಿ ಹೊಳೆಯಲೂ ಇಲ್ಲ. ಅಮ್ಮನಿಗೆ ಕೊಂಕಣಿಯಲ್ಲಿ ಜಪಸರ ಹೇಳಿದರೇ ಸಮಾಧಾನ ಅಂತಿದ್ದರೆ ಅದನ್ನೂ ಫಾದರ್‌ಗೆ ತಿಳಿಸಿ. ಮೈಸೂರಿನಲ್ಲಿ ಕೊಂಕಣಿ ಮಾತಾಡುವ ಮನೆಗಳು ಬೇಕಾದಷ್ಟಿವೆ. ನೋವಿನಲ್ಲಿ ತಾಯಿನುಡಿಯ ಪ್ರಾರ್ಥನೆಯೇ ಬೇರೆ, ಅಲ್ವಾ?

ಇನ್ನೊಂದು ವಿಷಯ. ಫಾದರ್ ಎಣ್ಣೆ ಹಚ್ಚಿ ಪ್ರಾರ್ಥಿಸಲು ಮನೆಗೆ ಬಂದರೆ ವಯಸ್ಸಾದವರು "ನನ್ನ ಕೊನೆಗಾಲ ಬಂತು" ಅಂತ ಹೆದರುತ್ತಾರೆ. ಹಿಂದೆಲ್ಲಾ ಸಾಯುವ ಹೊತ್ತಿನಲ್ಲೇ ಅದನ್ನು ಕೊಡುತ್ತಿದ್ದರಿಂದ ಬಂದ ಭಯ ಅದು. 1972ರಲ್ಲಿ ಪೋಪ್ ಆರನೇ ಪೌಲ್ ಆ ಸಂಸ್ಕಾರದ ಕ್ರಮ ಬದಲಿಸಿದರು. ಈಗ ಅದು ಕಾಯಿಲೆ ಗಂಭೀರವಾಗಿರುವ ಯಾರಿಗಾದರೂ ಸಿಗುತ್ತದೆ, ಮತ್ತೆ ಬೇಕಾದರೆ ಇನ್ನೊಮ್ಮೆಯೂ ಸಿಗುತ್ತದೆ. ಇದನ್ನು ಅಮ್ಮನಿಗೆ ಮೊದಲೇ ಬಿಡಿಸಿ ಹೇಳಿ. ಆಮೇಲೆ ಫಾದರ್‌ನ ಕರೆಯಿರಿ.

ಅಮ್ಮನ ಹೆಸರು ಇಲ್ಲಿ ಬರೆಯಬೇಡಿ. ನಿನ್ನೆ ಸಂಜೆ ನಾನೂ ನಾದಿನಿಯೂ ಕೂತು ಜಪಸರ ಹೇಳಿದೆವು. ಕೊನೆಯ ಹತ್ತು ಮಣಿಗಳನ್ನು "ಮೈಸೂರಿಗೆ ಹೊಸದಾಗಿ ಬಂದಿರುವ ಒಬ್ಬ ತಾಯಿಗೆ" ಅಂತ ಒಪ್ಪಿಸಿದೆವು. ಯಾರು ಅಂತ ಅವಳು ಕೇಳಲಿಲ್ಲ.