ಸಿಚುವಾನಿನ ಯಿ ಬೆಟ್ಟದ ಹಳ್ಳಿಗೆ ಸಸ್ಯಾಹಾರಿಯೊಬ್ಬ ಹೋಗಿ ಉಳಿಯಬಹುದೇ?

ಬರುವ ನವೆಂಬರ್‌ನಲ್ಲಿ ಚೀನಾದ ಸಿಚುವಾನ್‌ಗೆ ಹೋಗುವವರಿದ್ದು, ಅಲ್ಲಿನ ಅಲ್ಪಸಂಖ್ಯಾತ ಸಮುದಾಯವಾದ ಯಿ ಜನರ ಹಳೆಯ ಬಗೆಯ ಬೆಟ್ಟದ ಹಳ್ಳಿಯೊಂದನ್ನು ನೋಡಬೇಕೆಂದಿದ್ದೀರೆಂದೂ, ಸಸ್ಯಾಹಾರಿಯಾದ್ದರಿಂದ ಹಿಂಜರಿಕೆಯಾಗಿದೆಯೆಂದೂ ಬರೆದಿದ್ದೀರಿ. ನಾನೂ ಹುಟ್ಟಿನಿಂದ ಸಸ್ಯಾಹಾರಿ. ಸಿಚುವಾನಿನ ರಾಜಧಾನಿ ಚೆಂಗ್ಡುವಿನಲ್ಲಿ ಕೆಲಸದಲ್ಲಿದ್ದಾಗ, 2018ರ ನವೆಂಬರ್‌ನಲ್ಲಿ, ಯಿ ಸಮುದಾಯದ ಸಹೋದ್ಯೋಗಿಯೊಬ್ಬರ ಜೊತೆ ಲಿಯಾಂಗ್‌ಶಾನ್ ಸ್ವಾಯತ್ತ ಜಿಲ್ಲೆಯ ಝಾವೋಜುವೆ ಕೌಂಟಿಯಲ್ಲಿರುವ (ಕೌಂಟಿ ಎಂದರೆ ನಮ್ಮ ತಾಲ್ಲೂಕಿನಂಥದು) ಅವರ ಊರಿಗೆ ಹೋಗಿ ಮೂರು ರಾತ್ರಿ ಉಳಿದಿದ್ದೆ. ಖಂಡಿತ ಹೋಗಬಹುದು. ಆದರೆ ಊಟದ ವಿಷಯವನ್ನು ಹೊರಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು, ನಾನು ಮಾಡಿಕೊಂಡಿರಲಿಲ್ಲ.

ದಾರಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಚೆಂಗ್ಡುವಿನಿಂದ ಲಿಯಾಂಗ್‌ಶಾನ್‌ನ ಮುಖ್ಯ ಪಟ್ಟಣವಾದ ಶೀಚಾಂಗ್‌ಗೆ ನಾನು 1970ರ ಹಳೆಯ ರೈಲುಮಾರ್ಗದಲ್ಲಿ ರಾತ್ರಿಯಿಡೀ ಪ್ರಯಾಣಿಸಿದ್ದೆ; 2022ರ ಡಿಸೆಂಬರ್‌ನಲ್ಲಿ ಹೊಸ ಮಾರ್ಗ ತೆರೆದ ಮೇಲೆ ಅದು ಸುಮಾರು 3 ಗಂಟೆಯ ದಾರಿಯಾಗಿದೆ. ಅಲ್ಲಿಂದ ಮುಂದೆ ಬೆಟ್ಟದ ರಸ್ತೆ. ಸಮಯವಿದ್ದರೆ ಹಳೆಯ ಮಾರ್ಗದಲ್ಲಿ ಪೂಶಿಯೋಂಗ್ ಮತ್ತು ಪಾನ್‌ಝಿಹುವಾ ನಡುವೆ ಓಡುವ ನಿಧಾನಗತಿಯ ರೈಲನ್ನು ಹತ್ತಿ. ಟಿಕೆಟ್ 2 ಯುವಾನ್‌ನಿಂದ ಶುರುವಾಗುತ್ತದೆ, ಸಂತೆಗೆ ಹೋಗುವವರು ಕೋಳಿ, ಹಂದಿಗಳನ್ನೂ ಜೊತೆಗೆ ಕರೆತರುತ್ತಾರೆ. ಯಾರದಾದರೂ ಮನೆಯಲ್ಲಿ ಉಳಿಯುವುದಾದರೆ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ಹೆಸರು ನೋಂದಾಯಿಸುವುದು ವಿದೇಶೀಯರಿಗೆ ಕಡ್ಡಾಯವೆಂಬುದನ್ನು ಮರೆಯಬೇಡಿ.

‘ಹಳೆಯ ಬಗೆಯ’ ಎಂಬ ನಿಮ್ಮ ಮಾತಿನ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಮಣ್ಣಿನ ಗೋಡೆಯ, ಮರದ ಹಲಗೆ ಹೊದಿಸಿದ ಮನೆಗಳನ್ನೇ ಹುಡುಕಿಕೊಂಡು ಹೋದರೆ ನಿರಾಸೆಯಾದೀತು. ಅದೇ ಕೌಂಟಿಯ ಆತುಲೆಯರ್ ಎಂಬ ಬಂಡೆಯ ಮೇಲಿನ ಹಳ್ಳಿಯ ಮಕ್ಕಳು ಬಳ್ಳಿಯ ಏಣಿ ಹಿಡಿದು ಶಾಲೆಗೆ ಇಳಿಯುತ್ತಿದ್ದ ಚಿತ್ರಗಳನ್ನು ನೀವು ನೋಡಿರಬಹುದು. 2016ರಲ್ಲಿ ಅಲ್ಲಿಗೆ ಉಕ್ಕಿನ ಏಣಿ ಬಂತು, 2020ರ ಮೇ ತಿಂಗಳಲ್ಲಿ 84 ಕುಟುಂಬಗಳು ಕೌಂಟಿ ಪಟ್ಟಣದ ಹೊಸ ವಸತಿಗಳಿಗೆ ಇಳಿದುಬಂದವು. ನಮಗೆ ಬೆರಗು ಹುಟ್ಟಿಸಿದ ಆ ಏಣಿಯನ್ನು ಅವರು ದಿನವೂ ಹೊರೆಹೊತ್ತು ಹತ್ತಬೇಕಿತ್ತು ಎನ್ನುವುದನ್ನು ನೆನೆದಾಗ, ಏಣಿ ಹೋಯಿತೆಂದು ವ್ಯಥೆಪಡಲು ನನಗೆ ಮನಸ್ಸು ಬರುವುದಿಲ್ಲ. ನಾನು ಉಳಿದ ಮನೆಯೂ ಸಿಮೆಂಟಿನದೇ ಆಗಿತ್ತು. ಹಳತು ಉಳಿದಿದ್ದದ್ದು ಒಳಗೆ, ಒಲೆಯ ಸುತ್ತ.

ಲಿಯಾಂಗ್‌ಶಾನ್‌ನ ಯಿ ಜನ ತಮ್ಮನ್ನು ನೋಸು ಎಂದು ಕರೆದುಕೊಳ್ಳುತ್ತಾರೆ. ನೋಸು ಮನೆಯಲ್ಲಿ ನೆಲದ ಮೇಲಿನ ಮೂರು ಕಲ್ಲಿನ ಒಲೆ ಅಡುಗೆಯ ಜಾಗ ಮಾತ್ರವಲ್ಲ; ಹಿರಿಯರು, ಅತಿಥಿಗಳು, ಮನೆಯವರು ಎಲ್ಲೆಲ್ಲಿ ಕೂರಬೇಕೆಂಬುದು ಅದರ ಸುತ್ತ ಗೊತ್ತಾಗಿರುತ್ತದೆ. ತೋರಿಸಿದ ಕಡೆ ಕುಳಿತುಕೊಳ್ಳಿ. ಒಲೆಯನ್ನು ದಾಟಬಾರದು, ಅದರ ಕಲ್ಲಿಗೆ ಕಾಲು ತಾಗಿಸಬಾರದು. ಮೊದಲ ಸಂಜೆ ಚಳಿಗೆ ಕಾಲು ಚಾಚಿ ಕುಳಿತ ನನ್ನ ಪಾದ ಆ ಕಲ್ಲಿನ ಹತ್ತಿರ ಹೋದದ್ದನ್ನು ಕಂಡು ಸಹೋದ್ಯೋಗಿ ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದು ಹಿಂದಕ್ಕೆ ಎಳೆದರು. ದೇವರ ಮನೆಯತ್ತ ಕಾಲು ಚಾಚಬಾರದೆಂದು ಬೈಸಿಕೊಂಡು ಬೆಳೆದವನಾದ್ದರಿಂದ ಕಾರಣವನ್ನು ಕೇಳಬೇಕಾಗಿ ಬರಲಿಲ್ಲ. ಹಾಗೆಯೇ, ಹಣೆಯ ಮೇಲ್ಭಾಗದಲ್ಲಿ ಕೂದಲಿನ ಗಂಟು ಉಳಿಸಿಕೊಂಡ ವೃದ್ಧರು ಯಾರಾದರೂ ಕಂಡರೆ ಸಲುಗೆಯಿಂದಲೂ ಅದನ್ನು ಮುಟ್ಟಬಾರದು.

ಈಗ ಊಟದ ಮಾತು. ಗೌರವದ ಅತಿಥಿ ಬಂದರೆ ಪ್ರಾಣಿಯೊಂದನ್ನು ಕಡಿಯುವುದು, ಕಡಿಯುವ ಮೊದಲು ಅದನ್ನು ಅತಿಥಿಗೆ ತೋರಿಸುವುದು ಅಲ್ಲಿಯ ಪದ್ಧತಿ. ಎರಡನೆಯ ಬೆಳಿಗ್ಗೆ ಮನೆಯ ಯಜಮಾನರು ಕುರಿಯೊಂದನ್ನು ಹಿಡಿದು ಬಾಗಿಲ ಬಳಿ ತಂದು ನಿಲ್ಲಿಸಿದಾಗ, ಅವರು ಅದನ್ನು ಮಾರಲು ಹೊರಟಿದ್ದಾರೆಂದು ಭಾವಿಸಿ ‘ಚೆನ್ನಾಗಿದೆ’ ಎಂದು ತಲೆಯಾಡಿಸಿಬಿಟ್ಟೆ. ಅದು ಒಪ್ಪಿಗೆಯಾಗಿತ್ತು. ಸಹೋದ್ಯೋಗಿ ಓಡಿಬಂದು, ನನ್ನ ಮನೆತನದಲ್ಲಿ ಮಾಂಸ ನಿಷಿದ್ಧವೆಂದು ವಿವರಿಸುವ ವೇಳೆಗೆ ಯಜಮಾನರ ಮುಖ ಸಪ್ಪಗಾಗಿತ್ತು. ಅತಿಥಿಗೆ ಏನೂ ಬಡಿಸಲಾಗದ ಮನೆ ಎನಿಸಿಕೊಳ್ಳುವುದು ಅವರಿಗೆ ಸಣ್ಣ ಮಾತಲ್ಲ. ಕೊನೆಗೆ ಕುರಿಯನ್ನು ನೆಂಟರಿಗೆಂದು ಕಡಿದರು. ‘ತಿನ್ನುವುದಿಲ್ಲ’ ಎನ್ನುವುದು ರುಚಿಯ ಮಾತಾಗಿ ಕೇಳಿಸುತ್ತದೆ, ‘ನಮ್ಮ ಕುಲದಲ್ಲಿ ನಿಷೇಧ’ ಎಂದರೆ ಅದನ್ನು ಗೌರವಿಸುತ್ತಾರೆ. ಕುಲದ ಹಿರಿಯರ ಹೆಸರುಗಳನ್ನು ತಲೆಮಾರುಗಳ ಸಾಲಾಗಿ ಬಾಯಿಪಾಠ ಹೇಳುವ ಜನ ಅವರು. ನೀವು ಹೋಗುವ ಮನೆಗೆ ಇದನ್ನು ಒಂದು ವಾರ ಮೊದಲೇ ತಿಳಿಸಿ. ನವೆಂಬರ್ 20ರ ಸುಮಾರಿಗೆ ಬರುವ ಯಿ ಹೊಸ ವರ್ಷಕ್ಕೆ ಮನೆಮನೆಯಲ್ಲೂ ಹಂದಿ ಕಡಿಯುತ್ತಾರೆ; ಅದನ್ನು ಕಾಣಲಾರಿರೆಂದರೆ ಆ ದಿನಗಳನ್ನು ಬಿಟ್ಟು ಹೋಗಿ.

ಹಸಿವಿನ ಭಯ ಬೇಡ. ಕಹಿ ಬಕ್‌ವೀಟ್ ಹಿಟ್ಟಿನ ದಪ್ಪ ರೊಟ್ಟಿ ಅವರ ನಿತ್ಯದ ಆಹಾರ. ಉತ್ತರ ಭಾರತದವರು ಉಪವಾಸಕ್ಕೆ ತಿನ್ನುವ ಕುಟ್ಟು ಧಾನ್ಯದ ಕಹಿ ದಾಯಾದಿ ಅದು. ಮೊದಲ ತುತ್ತಿಗೆ ಮುಖ ಸಿಂಡರಿಸುವಂತಾಗುತ್ತದೆ, ಮೂರನೆಯ ದಿನದ ಹೊತ್ತಿಗೆ, ಜೇನು ಸಿಕ್ಕರಂತೂ, ರಾಗಿ ರೊಟ್ಟಿಯಷ್ಟೇ ಆಪ್ತವಾಗುತ್ತದೆ. ಕೆಂಡದಲ್ಲಿ ಸುಟ್ಟ ಆಲೂಗಡ್ಡೆಯಂತೂ ಹೊತ್ತುಹೊತ್ತಿಗೂ ಇರುತ್ತದೆ. ಹುಳಿ ಸೊಪ್ಪಿನ ಸಾರು ಕೊಟ್ಟರೆ ಅದರಲ್ಲಿ ಹಂದಿಯ ಕೊಬ್ಬು ಇದೆಯೇ ಎಂದು ಕೇಳಿಯೇ ಮುಟ್ಟಿ. ಕಪ್ಪು, ಕೆಂಪು, ಹಳದಿ ಅರಗುಬಣ್ಣದ ಮರದ ಬಟ್ಟಲು, ಉದ್ದ ಹಿಡಿಯ ಮರದ ಸೌಟಿನಂಥ ಚಮಚಗಳಲ್ಲಿ ಉಣ್ಣುವುದೇ ಒಂದು ಸೊಗಸು. ಮದ್ಯದ ಒಂದೇ ಬಟ್ಟಲು ಕೈಯಿಂದ ಕೈಗೆ ಸುತ್ತುತ್ತದೆ. ಕುಡಿಯದವರು ತುಟಿಗೆ ತಾಗಿಸಿ ಪಕ್ಕದವರಿಗೆ ದಾಟಿಸಿದರೆ ಸಾಕು.

ಒಂದು ಮಾತು ಕಲಿತುಕೊಂಡು ಹೋಗಿ: ‘ಕಾಶಾಶಾ’, ಎಂದರೆ ಧನ್ಯವಾದ. ಪಟ್ಟಣದ ಫಲಕಗಳಲ್ಲಿ ಚೀನೀ ಅಕ್ಷರಗಳ ಜೊತೆ ಯಿ ಲಿಪಿಯೂ ಕಾಣುತ್ತದೆ. 1980ರಲ್ಲಿ ಅಂಗೀಕಾರವಾದ ಅದರ ರೂಪದಲ್ಲಿ 819 ಅಕ್ಷರಗಳಿವೆ. ನಮ್ಮ ಕಾಗುಣಿತದಂತೆ ಕೂಡಿಸಿಕೊಳ್ಳುವ ಅನುಕೂಲವಿಲ್ಲ, ಹೆಚ್ಚುಕಡಿಮೆ ಪ್ರತಿ ಉಚ್ಚಾರಕ್ಕೂ ಬೇರೆಯೇ ಆಕೃತಿ. ಬಿಮೋ ಎಂಬ ಪುರೋಹಿತರು ಹಳೆಯ ಕೈಬರಹದ ಗ್ರಂಥಗಳನ್ನು ಹಿಡಿದು ರಾಗವಾಗಿ ಓದುವುದನ್ನು ಕೇಳುವ ಅವಕಾಶ ಸಿಕ್ಕರೆ ಬಿಡಬೇಡಿ, ಆದರೆ ಅನುಮತಿಯಿಲ್ಲದೆ ಮೊಬೈಲ್ ಎತ್ತಬೇಡಿ.

ಹೊರಡುವ ಅತಿಥಿಗೆ ಮಾಂಸದ ಪಾಲು ಕಟ್ಟಿಕೊಡುವುದೂ ಅಲ್ಲಿ ಪದ್ಧತಿ. ನನಗೇನು ಕೊಡುವುದೆಂದು ಮನೆಯವರು ಬಹಳ ಹೊತ್ತು ಚರ್ಚಿಸಿ, ಕೊನೆಗೆ ಅಜ್ಜಿ ತಾವೇ ಆರಿಸಿದ ಐದಾರು ಕಿಲೋ ಆಲೂಗಡ್ಡೆಯನ್ನು ಚೀಲಕ್ಕೆ ತುಂಬಿಸಿದರು. ನೀವು ಬ್ಯಾಗಿನಲ್ಲಿ ಸ್ವಲ್ಪ ಜಾಗ ಉಳಿಸಿಕೊಂಡೇ ಹೋಗಿ.